ಟೆಲಿಫೋನ್ ದೊಮಿತಿಲಾ ಬರೆದ ಸಂತರು

ವಿಯಾರ್ಮೂದೊ ಊರಿನಲ್ಲಿ ಮೂವತ್ತೊಂದು ವರ್ಷಗಳ ಕಾಲ ಯಾರು ಯಾರಿಗೆ ಫೋನಿನಲ್ಲಿ ಏನು ಹೇಳಬೇಕೆಂದರೂ ಆ ಮಾತು ಮೊದಲು ದೊಮಿತಿಲಾಳ ಕಿವಿಯನ್ನು ದಾಟಿ ಹೋಗಬೇಕಿತ್ತು. ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಇದ್ದದ್ದೇ ಅವಳ ಮನೆಯ ಮುಂಗೋಣೆಯಲ್ಲಿ. ನಲವತ್ತೆರಡು ತೂತಿನ ಒಂದು ಹಲಗೆ, ಅಷ್ಟೇ ತಂತಿಗಳು, ತಲೆಗೆ ಸಿಕ್ಕಿಸಿಕೊಳ್ಳುವ ಒಂದು ಹೆಡ್‌ಫೋನು, ಕುಳಿತು ಕುಳಿತು ತಗ್ಗು ಬಿದ್ದ ಒಂದು ಕುರ್ಚಿ. "ಹೇಳಿ, ಯಾರು ಬೇಕು? ಇರಿ, ಕೊಡ್ತೀನಿ" ಎನ್ನುವ ಮಾತನ್ನು ಅವಳು ತನ್ನ ಹೆಸರಿಗಿಂತ ಹೆಚ್ಚು ಸಲ ಉಚ್ಚರಿಸಿದ್ದಳು.

೧೯೭೮ರ ಆಗಸ್ಟಿನಲ್ಲಿ ಪಾಲೆನ್ಸಿಯಾ ನಗರದಿಂದ ಟೆಲಿಫೋನ್ ಕಂಪನಿಯ ಇಬ್ಬರು ಕೆಲಸದವರು ವ್ಯಾನಿನಲ್ಲಿ ಬಂದರು. ಇನ್ನು ಮೇಲೆ ಜನ ತಾವೇ ನಂಬರ್ ತಿರುಗಿಸಿಕೊಳ್ಳುತ್ತಾರೆ ಎಂದು ಹೇಳಿ, ಅರ್ಧ ಗಂಟೆಯಲ್ಲಿ ಹಲಗೆ ಬಿಚ್ಚಿ, ಕುರ್ಚಿಯನ್ನೂ ಬಿಡದೆ ಹೊತ್ತುಕೊಂಡು ಹೋದರು. ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು. ಅವರು ಮರೆತುಹೋದದ್ದು ಒಂದೇ, ಕರೆ ಬರೆದಿಡುವ ಖಾಲಿ ಫಾರಂಗಳ ನಾಲ್ಕು ಕಟ್ಟು.

ಮೊದಲ ಹದಿನೈದು ದಿನ ದೊಮಿತಿಲಾ ಮನೆಯೊಳಗೆ ದಾರಿ ತಪ್ಪಿದವಳ ಹಾಗೆ ಓಡಾಡಿದಳು. ಬಾಗಿಲು ಕಿರ್ ಎಂದರೆ "ಹೇಳಿ" ಎನ್ನುವಳು. ಮದುವೆಯಾಗದ ಅವಳ ಜೊತೆಗಿದ್ದವನು ಅಣ್ಣ ಎವಿಲಾಸಿಯೊ. ಹೆಂಡತಿ ತೀರಿಕೊಂಡ ಮೇಲೆ ಊರಾಚೆಯ ಮಣ್ಣಿನ ಗೂಡಿನಲ್ಲಿ ಪಾರಿವಾಳ ಸಾಕಿಕೊಂಡಿದ್ದ ಮುದುಕ.

"ಮನೇಲಿ ಆ ಗಂಟೆ ಸದ್ದು ನಿಲ್ತಲ್ಲಾ ಅಂತ ಇಗರ್ಜೀಲಿ ಮೇಣದಬತ್ತಿ ಹಚ್ಚಿಸ್ದೆ. ಈಗ ನೋಡಿದ್ರೆ ನಲವತ್ತೆರಡು ಮನೆಗೆ ಆಡೋ ಮಾತ್ನೆಲ್ಲ ನನ್ನೊಬ್ಬನ ಹತ್ರವೇ ಆಡ್ತಿದೀಯ" ಎಂದ ಅವನು.

"ಮತ್ತಿನ್ಯಾರ ಹತ್ರ ಆಡ್ಲಿ?"

"ಬರಿ. ಬರೆದ್ರೆ ಸದ್ದಾಗಲ್ಲ."

ಸೆಪ್ಟೆಂಬರ್ ಇಪ್ಪತ್ತು ಅವನ ಹೆಸರಹಬ್ಬ, ಅಂದರೆ ಅವನ ಹೆಸರಿನ ಸಂತನ ಹಬ್ಬದ ದಿನ. ಅವನು ಹುಟ್ಟಿದಂದಿನಿಂದಲೂ ಆ ಹೆಸರಿನ ಮೇಲೆ ಕೋಪವಿಟ್ಟುಕೊಂಡವನು. ಅವನೊಬ್ಬನೇ ಅಲ್ಲ, ಇಡೀ ಊರಿಗೇ ತಂತಮ್ಮ ಹೆಸರಿನ ಮೇಲೆ ಆ ಕೋಪವಿತ್ತು. ವಿಯಾರ್ಮೂದೊದಲ್ಲಿ ಅರ್ಧಕ್ಕರ್ಧ ಜನರ ಮನೆತನದ ಹೆಸರು ಒಂದೇ. ಅಜ್ಜಂದಿರ ಕಾಲದಲ್ಲಿ ಗಂಡಿಗೆಲ್ಲ ಹೊಸೆ, ಹೆಣ್ಣಿಗೆಲ್ಲ ಮರಿಯಾ ಎಂದಿಟ್ಟು, ಕಾಗದಗಳೆಲ್ಲ ತಪ್ಪು ಮನೆ ಸೇರಿ, ಒಬ್ಬಳಿಗೆ ಬಂದ ಪ್ರೇಮಪತ್ರವನ್ನು ಇನ್ನೊಬ್ಬಳ ಅಪ್ಪ ಓದಿ ದೊಡ್ಡ ರಂಪವಾಗಿತ್ತು. ಆಗ ಇದ್ದ ಪಾದ್ರಿ ಒಂದು ಕಟ್ಟಳೆ ಮಾಡಿದ: ಮಗು ಹುಟ್ಟಿದ ದಿನ ಯಾವ ಸಂತನ ಹಬ್ಬವೋ ಅದೇ ಮಗುವಿನ ಹೆಸರು. ಅಂದಿನಿಂದ ದಿನ ತುಂಬಿದ ಬಸುರಿಯರು ಪಂಚಾಂಗ ಎದುರಿಗಿಟ್ಟುಕೊಂಡು, "ಇವತ್ತು ಬೇಡ ಕಣೋ, ಇನ್ನೆರಡು ದಿನ ತಡ್ಕೊ" ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಮಕ್ಕಳು ಕೇಳುತ್ತಿರಲಿಲ್ಲ. ಹೀಗಾಗಿ ಬೇರೆ ಊರಿನವರು ಬಾಯಿ ತೊದಲದೆ ಹೇಳಲಾಗದ ಹೆಸರುಗಳೇ ಊರ ತುಂಬ.

ದೊಮಿತಿಲಾ ಇಗರ್ಜಿಯಲ್ಲಿ ಪಾದ್ರಿಗಳು ಉಡುಪು ತೊಡುವ ಕೋಣೆಯಿಂದ ಸಂತರ ಚರಿತ್ರೆಯ ಹಳೆಯ ಪುಸ್ತಕವೊಂದನ್ನು ಕೇಳಿ ತಂದಳು. ಚರ್ಮದ ರಟ್ಟಿಗೆ ಹುಳು ಹಿಡಿದ, ಎರಡೂ ಕೈಯಿಂದ ಎತ್ತಬೇಕಾದ ಪುಸ್ತಕ. ಅದರಲ್ಲಿದ್ದ ಎವಿಲಾಸಿಯೊನ ಕಥೆಯನ್ನು ತಿಳಿಯಾದ ಮಾತಿನಲ್ಲಿ ಫಾರಂ ಮೇಲೆ ಬರೆದಳು. ಫಾರಂನಲ್ಲಿ "ಯಾರಿಂದ" ಎಂಬ ಅಂಕಣವಿತ್ತು, ಅಲ್ಲಿ ಸಂತನ ಹೆಸರು. "ಎಲ್ಲಿಗೆ" ಎಂಬಲ್ಲಿ, ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು, "ಸ್ವರ್ಗಕ್ಕೆ" ಎಂದು ತುಂಬಿದಳು. ಊಟಕ್ಕೆ ಕುಳಿತಾಗ ಗಟ್ಟಿಯಾಗಿ ಓದಿದಳು.

ಎವಿಲಾಸಿಯೊ ಚಮಚ ಕೆಳಗಿಟ್ಟ. "ಅಂದ್ರೆ ನಮ್ಮೋನು ಮೊದ್ಲು ಕ್ರೈಸ್ತರಿಗೆ ಹಿಂಸೆ ಕೊಡ್ತಿದ್ದೋನಾ?"

"ಹೌದು. ಒಂದು ಪುಟ್ಟ ಹುಡುಗೀನ ಗರಗಸದಲ್ಲಿ ಕೊಯ್ಯೋಕೆ ಹೇಳಿದ್ದ. ಗರಗಸ ಅವಳ ಮೈಗೆ ತಾಗ್ಲೇ ಇಲ್ಲ. ಅದನ್ನ ನೋಡಿ ತಾನೂ ನಂಬಿದ."

"ಆಗ ಎಷ್ಟು ವಯಸ್ಸು ಅವ್ನಿಗೆ?"

"ಮುದುಕ ಆಗಿದ್ನಂತೆ."

"ಹಾಗಾದ್ರೆ ನಂಗಿನ್ನೂ ಟೈಮಿದೆ" ಎಂದು ಎವಿಲಾಸಿಯೊ ಸಮಾಧಾನದಿಂದ ಊಟ ಮುಂದುವರಿಸಿದ. ಮರುದಿನ ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಶರಾಬಿನ ಅಂಗಡಿಯಲ್ಲಿ ಮೂರು ಸಲ ಓದಿಸಿದ.

ಅಲ್ಲಿಂದ ಶುರುವಾಯಿತು. ಯಾರ ಹೆಸರಹಬ್ಬವೋ ಅವರ ಮನೆ ಬಾಗಿಲಿಗೆ ಬೆಳಿಗ್ಗೆಯೇ ಒಂದು ಹಾಳೆ ಬರತೊಡಗಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಮಂದಿಯೆಲ್ಲ ಕೂತು ಓದಿಸಿಕೊಳ್ಳುವರು. ಹುಟ್ಟಿದಂದಿನಿಂದ ಹೊತ್ತು ತಿರುಗಿದ ಹೆಸರಿನ ಒಳಗೆ ಒಬ್ಬ ಮನುಷ್ಯನಿದ್ದ ಎನ್ನುವುದು ಎಷ್ಟೋ ಜನರಿಗೆ ಆಗಲೇ ಗೊತ್ತಾದದ್ದು.

ಎಲ್ಲರೂ ಖುಷಿಪಟ್ಟರೆಂದಲ್ಲ. ಕ್ಷೌರಿಕ ಒನೋಫ್ರೆಯ ತಲೆ ಮೊಟ್ಟೆಯ ಹಾಗೆ ನುಣ್ಣಗಿತ್ತು. ಅವನ ಸಂತನೋ ಮರುಭೂಮಿಯಲ್ಲಿ ಬಟ್ಟೆಯೇ ಇಲ್ಲದೆ, ಪಾದದವರೆಗೆ ಬೆಳೆದ ತನ್ನ ಕೂದಲನ್ನೇ ಹೊದ್ದುಕೊಂಡು ಬದುಕಿದವನು. ಓದುತ್ತಿದ್ದ ಮಗಳಿಗೆ ನಗು ತಡೆಯಲಾಗಲಿಲ್ಲ, ಹೆಂಡತಿ ಅಡುಗೆಮನೆಗೆ ಓಡಿದಳು. ಒನೋಫ್ರೆ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಹಾಳೆಯನ್ನು ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿ, ಬಂದವರಿಗೆಲ್ಲ, "ಓದಿ ಸ್ವಾಮಿ, ಕಟಿಂಗ್ ಮಾಡಿಸ್ಕೊಳ್ದೇ ಇದ್ರೆ ಹೀಗೆ ಕಾಡು ಸೇರ್ಬೇಕಾಗುತ್ತೆ" ಎನ್ನತೊಡಗಿದ.

ಊರಿನ ಹೊಸ ಪಾದ್ರಿ ದೊನ್ ಹೊಸೆ ಲೂಯಿಸ್ ನಗರದಲ್ಲಿ ಬೆಳೆದವರು. ಇಷ್ಟು ಸಪ್ಪೆ ಹೆಸರಿನ ಮನುಷ್ಯನೆಂದು ಊರಿಗೆ ಅವರ ಮೇಲೆ ಒಳಗೊಳಗೇ ಮರುಕ. ಅವರು ಒಂದು ದಿನ ದೊಮಿತಿಲಾಳನ್ನು ಕರೆದು, "ಚೆನ್ನಾಗಿ ಬರೀತೀರಮ್ಮ. ಆದ್ರೆ ಕೊನೇಲಿ ಒಂದು ನೀತಿ ಇರ್ಬೇಕು. ಮನೆಯವರೆಲ್ಲ ಕೂತು ಓದೋದಲ್ವಾ?" ಎಂದರು.

"ಫಾದರ್, ಕರೆ ಮುಗಿದ ಮೇಲೆ ನಾನು ಲೈನಲ್ಲಿ ಕೂತ್ಕೊಂಡು ಮಾತಾಡಿದ್ರೆ ಜನ ಬೈತಾರೆ."

ಪಾದ್ರಿಗಳು ಮತ್ತೆ ಆ ಮಾತು ಎತ್ತಲಿಲ್ಲ.

ಎಡವಟ್ಟಾದದ್ದು ೧೯೭೯ರ ಜುಲೈನಲ್ಲಿ, ಬೆನ್ನುಬೆನ್ನಿಗೆ ಎರಡೇ ದಿನದಲ್ಲಿ. ಹದಿನೇಳಕ್ಕೆ ಟ್ರ್ಯಾಕ್ಟರ್ ರಿಪೇರಿಯ ಅಲೆಹೊನ ಹೆಸರಹಬ್ಬ. ಅವನ ಸಂತ ಮದುವೆಯ ದಿನವೇ ಮನೆಬಿಟ್ಟು ಹೋಗಿ, ಎಷ್ಟೋ ವರ್ಷದ ಮೇಲೆ ಭಿಕ್ಷುಕನಾಗಿ ಬಂದು, ಯಾರಿಗೂ ಗುರುತು ಹೇಳದೆ ತನ್ನಪ್ಪನ ಮನೆಯ ಮೆಟ್ಟಿಲ ಕೆಳಗೇ ಹದಿನೇಳು ವರ್ಷ ಬಿದ್ದುಕೊಂಡಿದ್ದ. ಅಲೆಹೊ ಆ ಹಾಳೆಯನ್ನು ಓದಿ ಕೆಂಪಗಾಗಿ, ಬೀದಿಗೆಲ್ಲ ಕೇಳುವ ಹಾಗೆ ದೊಮಿತಿಲಾಳನ್ನು ಬೈದ. ಏಕೆಂದರೆ ಅವನ ಗೊರಕೆ ತಾಳಲಾರದೆ ಹೆಂಡತಿ ಅವನನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಅಟ್ಟಿ ನಾಲ್ಕು ವರ್ಷವಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಬಿಲ್ಬಾವೊದಲ್ಲಿದ್ದ ತನ್ನ ಅಕ್ಕನಿಗೆ ಮಾತ್ರ ಆಕೆ ಹೇಳಿಕೊಂಡಿದ್ದಳು, ಫೋನಿನಲ್ಲಿ.

ಹದಿನೆಂಟಕ್ಕೆ ಸಿಂಫೊರೋಸಾಳ ಹಬ್ಬ. ಆಕೆ ಬ್ರೆಡ್ಡಿನ ಭಟ್ಟಿಯ ಯಜಮಾನಿ, ದೊಡ್ಡ ಗಂಟಲಿನ, ಏಳು ಹೆಣ್ಣುಮಕ್ಕಳ ತಾಯಿ. ಪ್ರತಿ ಹೆರಿಗೆಗೆ ಮುಂಚೆ ಗುಟ್ಟಾಗಿ ಲೆಯೋನಿನ ಒಬ್ಬ ಔಷಧಿಯವಳಿಗೆ ಫೋನು ಮಾಡಿ, ಗಂಡಾಗಲು ಏನು ಕುಡಿಯಬೇಕೆಂದು ಕೇಳುತ್ತಿದ್ದಳು. ಏಳು ಸಲವೂ ಕನೆಕ್ಷನ್ ಕೊಟ್ಟವಳು ದೊಮಿತಿಲಾ. ಇನ್ನು ಸಂತ ಸಿಂಫೊರೋಸಾ ಚಕ್ರವರ್ತಿಯ ಎದುರು ಬಗ್ಗದೆ ನಿಂತ ತಾಯಿ, ಅವಳ ಜೊತೆಗೇ ಬಗ್ಗದೆ ನಿಂತದ್ದು ಅವಳ ಏಳು ಗಂಡುಮಕ್ಕಳು.

ಮಧ್ಯಾಹ್ನ ಎರಡು ಗಂಟೆಗೆ ಸಿಂಫೊರೋಸಾ ಕೈಗೆಲ್ಲ ಹಿಟ್ಟು ಮೆತ್ತಿಕೊಂಡೇ ದೊಮಿತಿಲಾಳ ಬಾಗಿಲಲ್ಲಿ ನಿಂತಳು.

"ಏಳು ಗಂಡುಮಕ್ಳು ಅಂತ ಬರ್ದಿದೀಯಲ್ಲ, ಬರ್ಕೊ. ಅದರ ಕೆಳಗೆ ಗೆರೆ ಯಾಕೆ ಎಳ್ದೆ? ಒಂದಲ್ಲ, ಎರಡು ಕಡೆ!"

"ನಂಬರ್ ಬಂದಾಗ ಗೆರೆ ಎಳೀಬೇಕು ಕಣೆ. ಅದು ಆಫೀಸಿನ ರೂಲು. ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

"ನಿನ್ ರೂಲಿಗೆ ಬೆಂಕಿ ಹಾಕ! ಮೂವತ್ತೊಂದು ವರ್ಷ ಕಿವಿ ತುಂಬಿಸ್ಕೊಂಡೆ, ಈಗ ಸಂತರ ಬಾಯಿಂದ ಕಕ್ತಿದೀಯ. ನಿನ್ನೆ ಅಲೆಹೊ, ಇವತ್ತು ನಾನು. ನಾಳೆ ಯಾರೇ?"

ಆ "ನಾಳೆ ಯಾರು" ಎಂಬ ಮಾತು ಸಂಜೆಯೊಳಗೆ ಊರನ್ನೆಲ್ಲ ಸುತ್ತಿತು. ಮನೆಯಲ್ಲಿ ಫೋನಿದ್ದವರೆಲ್ಲ ತಮ್ಮ ಹಳೆಯ ಹಾಳೆಗಳನ್ನು ಹುಡುಕಿ ತೆಗೆದು, ಯಾವ ಸಾಲಿನಲ್ಲಿ ತಮ್ಮನ್ನು ಚುಚ್ಚಿದ್ದಾಳೆಂದು ಬೆರಳಿಟ್ಟು ಓದಿದರು. ಹುಡುಕುವವರಿಗೆ ಸಿಕ್ಕದೆ ಇರುತ್ತದೆಯೇ? ಒಬ್ಬನ ಸಂತ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿದ್ದ. ಅದು ತನ್ನ ಜಿಪುಣತನಕ್ಕೆ ಕೊಟ್ಟ ಏಟು ಎಂದು ಅವನು ತೀರ್ಮಾನಿಸಿದ. ಆಗಸ್ಟಿನಲ್ಲಿ ಬಾಗಿಲಿಗಿಟ್ಟ ಹಾಳೆಗಳು ಒಂದೊಂದಾಗಿ ದೊಮಿತಿಲಾಳ ಬಾಗಿಲಿಗೇ ತಿರುಗಿ ಬಂದವು. ಸೆಪ್ಟೆಂಬರಿನಲ್ಲಿ ಅವಳು ಬರೆಯುವುದನ್ನು ನಿಲ್ಲಿಸಿದಳು.

ಅವಳಿಗೆ ನೋವಾಗಿತ್ತು. ಸಾವು, ಸಾಲ, ಕದ್ದು ಮಾಡಿದ ಪ್ರೀತಿ, ಡಾಕ್ಟರು ಹೇಳಿದ ರೋಗ, ಇಷ್ಟನ್ನೂ ಕೇಳಿಸಿಕೊಂಡವಳು ಅಣ್ಣನ ಎದುರೂ ಒಂದು ಮಾತು ಆಡಿದವಳಲ್ಲ. ಆದರೂ ಮನಸ್ಸು ಸುಮ್ಮನಿರಲಿಲ್ಲ. ಸಿಂಫೊರೋಸಾಳ ವಿಷಯದಲ್ಲಿ ತನ್ನದೇನೂ ತಪ್ಪಿಲ್ಲ, ಅದು ಖಂಡಿತ. ಆದರೆ ಅಲೆಹೊನ ಮೆಟ್ಟಿಲ ಕೆಳಗಿನ ಸಾಲು ಬರೆಯುವಾಗ? ಆಗ ತುಟಿಯ ಒಂದು ಮೂಲೆಯಲ್ಲಿ ನಗು ಬಂದಿತ್ತು. ಅದನ್ನು ಪಾಪನಿವೇದನೆಯಲ್ಲಿ ಹೇಳಿಯೂ ಹೇಳಿದಳು. ದೊನ್ ಹೊಸೆ ಲೂಯಿಸ್ ಪರದೆಯ ಆ ಕಡೆ ಕೆಮ್ಮಿದರು. ಕೆಮ್ಮೋ ನಗುವೋ ತಿಳಿಯಲಿಲ್ಲ.

ಚಳಿಗಾಲ ಬಂತು. ಫೆಬ್ರವರಿ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ, ಊರಿನ ತುದಿಯಲ್ಲಿ ಒಂಟಿಯಾಗಿದ್ದ ಕುರುಬ ಸೋತಿಕೊ ಟೋಪಿ ಕೈಯಲ್ಲಿ ಹಿಡಿದು ಬಂದು ನಿಂತ.

"ದೊಮಿ, ಹತ್ತನೇ ತಾರೀಕು ನನ್ನ ಹಬ್ಬ. ಭಾನುವಾರ ಬಿದ್ದಿದೆ. ಕುರಿಮರಿ ಕೊಯ್ತೀನಿ. ನೀನು ಬಂದು ನನ್ನ ಸಂತನ್ನ ಓದ್ಬೇಕು."

"ನಾನು ಬರೆಯೋದು ಬಿಟ್ಟೆ ಸೋತಿಕೊ. ನಿಂಗೆ ಗೊತ್ತಲ್ಲ."

"ಗೊತ್ತು. ಆದ್ರೆ ಎಲ್ಲಾರ ಮನೇಲೂ ಓದಿದ್ದಾಯ್ತು, ನನ್ನ ಸರದಿ ಬರೋ ಹೊತ್ಗೆ ನಿಲ್ಸಿದ್ರೆ ಹೆಂಗೆ? ಹೋದ ವರ್ಷ ನಾನು ಚಳೀಗೆ ದಕ್ಷಿಣದ ಕಡೆ ಮೇಯಿಸೋಕೆ ಹೋಗಿದ್ದೆ. ಕೂತು ಕೇಳೋಕೆ ಮನೇಲಿ ಯಾರೂ ಇಲ್ಲ ಅಂತ ಹನ್ನೆರಡು ಜನಾನ ಕರ್ದಿದೀನಿ."

"ಯಾರ್ಯಾರ್ನ?"

"ಒನೋಫ್ರೆ, ಪಾದ್ರಿಗಳು, ಅಲೆಹೊ, ಅವ್ನ ಹೆಂಡ್ತಿ, ಸಿಂಫೊರೋಸಾ..."

"ಅವಳು ಬರ್ತೀನಿ ಅಂದ್ಳಾ?"

"ಕುರಿಮರಿ ಅಂದೆ. ಬರ್ತೀನಿ ಅಂದ್ಳು."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವನು ಹೋದ ಮೇಲೆ ಪುಸ್ತಕ ತೆರೆದು ನೋಡಿದಳು. ಫೆಬ್ರವರಿ ಹತ್ತಕ್ಕೆ ಸಂತ ಎಸ್ಕೊಲಾಸ್ತಿಕಾ ಒಂದೂವರೆ ಪುಟ ಹಾಸಿಕೊಂಡು ಕೂತಿದ್ದಳು. ಹೆಣ್ಣಾಗಿ ಹುಟ್ಟಿದ್ದರೆ ಸೋತಿಕೊನಿಗೆ ಆ ಒಂದೂವರೆ ಪುಟವೂ ಸಿಕ್ಕುತ್ತಿತ್ತು. ಅವಳ ಕೆಳಗೆ, ಸಣ್ಣಕ್ಷರದಲ್ಲಿ, ಸೈನಿಕನಾಗಿದ್ದ ಸಂತ ಸೋತಿಕೊನ ಬಗ್ಗೆ ಒಂದೇ ಒಂದು ವಾಕ್ಯ. ಪಾದ್ರಿಗಳ ಕೈಯಿಂದ ಪಾಲೆನ್ಸಿಯಾದ ಗುರುಮಠದ ಗ್ರಂಥಾಲಯಕ್ಕೆ ಫೋನು ಮಾಡಿಸಿದಳು. ಅಲ್ಲಿಯೂ ಅದಕ್ಕಿಂತ ಹೆಚ್ಚೇನೂ ಸಿಕ್ಕಲಿಲ್ಲ.

"ಅವನಿಗೊಂದು ಕುದುರೆ ಕೊಟ್ಬಿಡು," ಎಂದ ಎವಿಲಾಸಿಯೊ. "ಸೈನಿಕ ತಾನೆ? ಕುದುರೆ ಇದ್ದೇ ಇರುತ್ತೆ. ಕುದುರೆಗೆ ಒಂದು ಹೆಸರಿಟ್ರೆ ಅರ್ಧ ಹಾಳೆ ತುಂಬುತ್ತೆ."

"ಇಲ್ದೇ ಇದ್ರೆ?"

"ಸಾವಿರದ ಏಳ್ನೂರು ವರ್ಷ ಆಗಿದೆ. ಯಾರು ಬಂದು ಕೇಳ್ತಾರೆ?"

"ಅವನೇ ಕೇಳ್ತಾನೆ. ನಾನು ಸತ್ತು ಅಲ್ಲಿಗೆ ಹೋದ ದಿನ ಬಾಗಿಲಲ್ಲೇ ನಿಂತಿರ್ತಾನೆ. 'ಏನಮ್ಮಾ, ನನ್ನ ಕುದುರೆ ಎಲ್ಲಿ?' ಅಂತಾನೆ. ಏನು ಹೇಳ್ಲಿ?"

ಆ ಕಡೆ ಯಾರೂ ಫೋನು ಎತ್ತದಿದ್ದರೆ ದೊಮಿತಿಲಾ ಮೂವತ್ತೊಂದು ವರ್ಷವೂ "ಉತ್ತರ ಇಲ್ಲ" ಎಂದೇ ಹೇಳಿದ್ದವಳು. ತಾನೇ ಒಂದು ಉತ್ತರ ಕಟ್ಟಿ ಹೇಳಿದವಳಲ್ಲ. ಫಾರಂ ತೆಗೆದು ಆ ಒಂದು ವಾಕ್ಯವನ್ನು ದಪ್ಪಕ್ಷರದಲ್ಲಿ ಬರೆದಳು. ಅಂಕಿಗಳಿಗೆ ಗೆರೆ ಎಳೆಯಲು ಹೋದ ಕೈಯನ್ನು ಅರ್ಧದಲ್ಲೇ ಹಿಡಿದುಕೊಂಡಳು.

ಭಾನುವಾರ ಪೂಜೆ ಮುಗಿಸಿ ಎಲ್ಲರೂ ಸೋತಿಕೊನ ಮನೆಗೆ ನಡೆದರು. ಹೊರಗೆ ಮಂಜು ಗಟ್ಟಿಯಾಗಿ ಕಾಲ ಕೆಳಗೆ ಕರಕರ ಎನ್ನುತ್ತಿತ್ತು. ಒಳಗೆ ಸೋತಿಕೊ ನೆಲದಡಿಯ ಒಲೆಯಲ್ಲಿ ಹುಲ್ಲು ಉರಿಸಿ ಕೋಣೆಯನ್ನು ಬೆಚ್ಚಗೆ ಮಾಡಿದ್ದ. ಎರಡು ಬಾಗಿಲುಗಳನ್ನು ಕಿತ್ತು ಜೋಡಿಸಿ ಮೇಜು ಮಾಡಿದ್ದ. ಬೆಳ್ಳುಳ್ಳಿ ಸೂಪು, ಕುರಿಹಾಲಿನ ಚೀಸು, ಭಟ್ಟಿಯಲ್ಲಿ ಬೆಂದು ಹೊಂಬಣ್ಣಕ್ಕೆ ತಿರುಗಿದ ಕುರಿಮರಿ. ತಾನು ಮಾತ್ರ ಮದುವೆ ಗಂಡಿನ ಹಾಗೆ ಶರಟಿನ ಕತ್ತಿನ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದ. ದೊಮಿತಿಲಾ ಪುಸ್ತಕವನ್ನು ಶಾಲಿನಲ್ಲಿ ಸುತ್ತಿಕೊಂಡು ತಂದಿದ್ದಳು, ಏನಕ್ಕಾದರೂ ಇರಲಿ ಎಂದು.

ಸೂಪು ಬಡಿಸಿದ ಮೇಲೆ ಎದ್ದು ನಿಂತು ಓದಿದಳು: "ರೋಮ್ ಪಟ್ಟಣದ ಹೊರಗೆ ಒಂದು ರಸ್ತೆಯಲ್ಲಿ ಹತ್ತು ಜನ ಸೈನಿಕರು ಯೇಸುವಿಗಾಗಿ ಪ್ರಾಣ ಕೊಟ್ಟರು, ಅವರಲ್ಲಿ ನಾಲ್ವರು ಸೋತಿಕೊ, ಇರೆನೆಯೊ, ಹಸಿಂತೊ, ಅಮಾನ್ಸಿಯೊ."

ಓದಿ ಕೂತಳು. ಎಲ್ಲರೂ ಇನ್ನೂ ಇದೆಯೆಂದು ಕಾದರು.

"ಅಷ್ಟೇನಾ?" ಎಂದ ಅಲೆಹೊ.

"ಅಷ್ಟೇ."

ಸಿಂಫೊರೋಸಾಳ ಮುಖ ಅರಳಿತು. "ಯಾಕೆ ದೊಮಿ, ಇವ್ನ ಮನೆ ಫೋನು ಕೇಳಿಸ್ಕೊಳ್ಳೋಕೆ ಆಗ್ಲಿಲ್ವಾ?"

"ನಮ್ಮನೇಲಿ ಫೋನೇ ಇರ್ಲಿಲ್ವಲ್ಲ" ಎಂದ ಸೋತಿಕೊ, ಬಹಳ ಸರಳವಾಗಿ.

"ನೋಡಿದ್ರಾ! ಫೋನಿಲ್ದೋರ ಸಂತರಿಗೆ ಒಂದು ಸಾಲು, ಫೋನಿದ್ದೋರ ಸಂತರಿಗೆ ಪುರಾಣ!"

ದೊಮಿತಿಲಾ ಶಾಲು ಬಿಚ್ಚಿ, ಪುಸ್ತಕವನ್ನು ಎತ್ತಿ, ಸಿಂಫೊರೋಸಾಳ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಜುಲೈ ಹದಿನೆಂಟನ್ನು ತೆರೆದು ಅವಳ ಮುಂದಿಟ್ಟಳು.

"ಓದು. ಅಚ್ಚಾಗಿರೋದು ನಿಮ್ಮಜ್ಜಿ ಹುಟ್ಟೋಕೆ ಮುಂಚೆ. ಆಗ ನಂಗೆ ಕಿವೀನೂ ಇರ್ಲಿಲ್ಲ."

ಸಿಂಫೊರೋಸಾ ಸೊಟ್ಟ ಮೂತಿ ಮಾಡಿಕೊಂಡೇ ಓದಲು ಶುರುಮಾಡಿದಳು. ಮೊದಲು ಗಟ್ಟಿಯಾಗಿ, ತಪ್ಪು ಹಿಡಿಯುವವಳ ಧ್ವನಿಯಲ್ಲಿ. ಬರುಬರುತ್ತ ಧ್ವನಿ ಇಳಿಯಿತು. ಆಮೇಲೆ ಬರೀ ತುಟಿ ಆಡುತ್ತಿತ್ತು. ಅವಳ ಕಣ್ಣು ತುಂಬಿದ್ದನ್ನು ಮೊದಲು ನೋಡಿದವನು ಎದುರಿಗಿದ್ದ ಒನೋಫ್ರೆ.

"ಅಯ್ಯಯ್ಯೋ... ಒಬ್ಬನಿಗೆ ಗಂಟಲಿಗೆ ಚುಚ್ಚಿದ್ರಂತೆ. ಒಬ್ಬನಿಗೆ ಎದೆಗೆ. ಏಳು ಜನಕ್ಕೂ ಒಂದೊಂದು ಥರ! ಕೊನೇ ಮಗೂನ ಸೀಳಿಬಿಟ್ರಂತೆ ಕಣ್ರೀ. ತಾಯೀನ ಕಲ್ಲು ಕಟ್ಟಿ ಹೊಳೆಗೆ..." ಸಿಂಫೊರೋಸಾ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು ತಲೆ ಎತ್ತಿದಳು. "ಇದ್ಯಾವ್ದೂ ನೀನು ಬರ್ದಿರ್ಲಿಲ್ಲ!"

"ಮಕ್ಕಳು ಮರಿ ಊಟಕ್ಕೆ ಕೂತಾಗ ಓದೋ ಹಾಳೆ ಅಂತ ಬಿಟ್ಟೆ."

"ಬೇಕಂತ ಬಿಟ್ಯಾ?"

"ಏನು ಬಿಡ್ಬೇಕು ಅನ್ನೋದು ನಂಗೆ ಗೊತ್ತು ಸಿಂಫೊರೋಸಾ. ಮೂವತ್ತೊಂದು ವರ್ಷ ಮಾಡಿದ್ದು ಅದೇ ಕೆಲ್ಸ."

ಅಲೆಹೊನ ಹೆಂಡತಿ ಮೇಜಿನ ಮೇಲಿದ್ದ ಬ್ರೆಡ್ಡಿನ ಪುಡಿಯನ್ನು ಬಹಳ ಗಮನವಿಟ್ಟು ಒಟ್ಟುಮಾಡತೊಡಗಿದಳು. ಅಲ್ಲಿದ್ದ ಒಬ್ಬೊಬ್ಬರಿಗೂ ತಾವು ಆ ಹಲಗೆಯ ಮೂಲಕ ಯಾವ್ಯಾವಾಗ ಏನೇನು ಆಡಿದ್ದೆವು, ಅದರಲ್ಲಿ ಎಷ್ಟೊಂದು ಎಂದೂ ಯಾರ ಬಾಯಿಗೂ ಬಂದಿಲ್ಲ ಎಂಬುದು ಒಟ್ಟಿಗೇ ನೆನಪಾದ ಹಾಗಿತ್ತು.

ಸೋತಿಕೊ ದೊಮಿತಿಲಾಳ ಕಡೆ ತಿರುಗಿದ. "ದೊಮಿ, ಇನ್ನೊಂದ್ಸಲ ಓದು."

ಅವಳು ಓದಿದಳು.

"ಹತ್ತು ಜನ. ಹೆಸರಿರೋದು ನಾಲ್ಕೇ ಜನಕ್ಕಾ?"

"ನಾಲ್ಕೇ."

"ಮಿಕ್ಕ ಆರು ಜನ?"

"ಗೊತ್ತಿಲ್ಲ. ಯಾರೂ ಬರೆದಿಟ್ಟಿಲ್ಲ."

ಸೋತಿಕೊ ಬೆರಳು ಮಡಚಿ ಯೋಚಿಸಿದ. ಅವನ ಮುಖ ನಿಧಾನಕ್ಕೆ ಹೊಳೆಯಿತು. "ಅಂದ್ರೆ ನಮ್ಮೋನು ಹೆಸರಿರೋರ ಪೈಕಿ! ಅದೂ ಮೊದಲ್ನೇ ಹೆಸ್ರು! ನನ್ನ ಹತ್ರ ಎಂಬತ್ತು ಕುರಿ ಇದೆ, ನಾನು ಹೆಸರಿಟ್ಟಿರೋದು ನಾಲ್ಕಕ್ಕೆ. ಹೆಸರಿಡ್ಬೇಕು ಅಂದ್ರೆ ಏನೋ ಒಂದು ಇರ್ಬೇಕು ಅದ್ರಲ್ಲಿ. ಸುಮ್ಸುಮ್ನೆ ಇಡಲ್ಲ ಯಾರೂ."

"ಪಾಪ, ಆ ಆರು ಜನ," ಎಂದ ಒನೋಫ್ರೆ. "ಪ್ರಾಣ ಅವರೂ ಕೊಟ್ರಲ್ಲ."

"ಅವರಿಗೊಂದು ಲೋಟ" ಎಂದು ಎವಿಲಾಸಿಯೊ ಶರಾಬಿನ ಜಗ್ಗಿಗೆ ಕೈ ಹಾಕಿದ. ಆರು ಜನಕ್ಕೆ ಆರು ಲೋಟ ಎಂದು ಅವನ ವಾದ. ಪಾದ್ರಿಗಳು ಎಲ್ಲರಿಗೂ ಸೇರಿಸಿ ಒಂದೇ ಸಾಕು ಎಂದರು. ಕೊನೆಗೆ ಮೂರಕ್ಕೆ ಒಪ್ಪಂದವಾಯಿತು. ಹುಟ್ಟಿದಂದಿನಿಂದ ತಮ್ಮ ಹೆಸರಿಗೆ ಶಾಪ ಹಾಕಿಕೊಂಡು ಬಂದ ಹನ್ನೆರಡು ಮಂದಿ, ಹೆಸರೇ ಇಲ್ಲದ ಆರು ಜನರ ಬಗ್ಗೆ ಕುರಿಮರಿ ಮೂಳೆಯಾಗುವವರೆಗೂ ಮಾತಾಡಿದರು. ಹೊರಡುವಾಗ ಸಿಂಫೊರೋಸಾ ದೊಮಿತಿಲಾಳ ಶಾಲನ್ನು ತಾನೇ ಹೊದಿಸಿ, "ಪುಸ್ತಕ ಕೊಡು, ಭಾರ ಇದೆ. ನಾನು ಹೊತ್ಕೊಂಡು ಬರ್ತೀನಿ" ಎಂದಳು. ಕ್ಷಮೆ ಎಂಬ ಮಾತು ಅವಳ ಬಾಯಿಂದ ಬರುವಂಥದ್ದಲ್ಲ, ಬರಲೂ ಇಲ್ಲ.

ಸೋತಿಕೊ ತನ್ನ ಹಾಳೆಯನ್ನು ಮಂಚದ ತಲೆಯ ಕಡೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ. ಎರಡಕ್ಷರ ಕೂಡಿಸಿ ಓದಲು ತಿಣುಕುವ ಅವನು, ಈಸ್ಟರ್ ಹಬ್ಬದ ಹೊತ್ತಿಗೆ ಅದನ್ನು ಬೆರಳಿಟ್ಟು ಪೂರ್ತಿ ಓದಬಲ್ಲವನಾದ. ದೊಮಿತಿಲಾ ಬರೆದ ಹಾಳೆಗಳಲ್ಲಿ ಇಷ್ಟು ಸಲ ಓದಿಸಿಕೊಂಡದ್ದು ಬೇರೊಂದಿಲ್ಲ.

ಹಾಳೆಗಳು ಮತ್ತೆ ಮನೆಮನೆಗೆ ಹೋಗತೊಡಗಿದವು. ೧೯೮೪ರಲ್ಲಿ ದೊನ್ ಹೊಸೆ ಲೂಯಿಸ್ ಅವರ ಮಾತು ಕೇಳಿ ನಗರದ ಒಂದು ಸಣ್ಣ ಮುದ್ರಣಾಲಯದವರು ಬಂದರು, ಕುಟುಂಬಗಳಿಗಾಗಿ ಪುಸ್ತಕ ಮಾಡುತ್ತೇವೆಂದು.

"ನೀವು ಲೇಖಕಿಯೋ?" ಎಂದು ಕನ್ನಡಕದ ಮಹಾಶಯರು ಕೇಳಿದರು.

"ಅಲ್ಲ ಸ್ವಾಮಿ. ಕನೆಕ್ಷನ್ ಕೊಡೋಳು."

ಪುಸ್ತಕ ತೆಳ್ಳಗೆ, ನೀಲಿ ರಟ್ಟಿನಲ್ಲಿ ಬಂತು. ಸಿಂಫೊರೋಸಾ ಅದನ್ನು ಭಟ್ಟಿಯ ಕಟ್ಟೆಯ ಮೇಲೆ ಜೋಡಿಸಿಟ್ಟು, ಬ್ರೆಡ್ಡಿಗೆ ಬಂದ ಹೊರ ಊರಿನವರು ಅದನ್ನು ಕೊಳ್ಳುವವರೆಗೂ ಬ್ರೆಡ್ಡು ಕೊಡುತ್ತಿರಲಿಲ್ಲ.

ಮರುವರ್ಷ ಸಿಂಫೊರೋಸಾಳ ಏಳನೆಯ ಮಗಳು ಹೆತ್ತಳು. ಅದೂ ಹೆಣ್ಣೇ. ಹಳೆಯ ಕಟ್ಟಳೆ ಯಾರಿಗೂ ಬೇಡವಾಗಿತ್ತು. ಅಳಿಯ ಟಿವಿ ನೋಡಿ ವನೆಸ್ಸಾ ಎಂದು ಹೆಸರಿಟ್ಟ. ಅಜ್ಜಿ ಮಗುವನ್ನು ಹೊದಿಕೆಯಲ್ಲಿ ಸುತ್ತಿಕೊಂಡು ದೊಮಿತಿಲಾಳ ಮನೆಗೆ ಬಂದಳು.

"ಹುಡುಕೆ ದೊಮಿ. ಎಲ್ಲಾದ್ರೂ ಒಂದು ಮೂಲೇಲಿ, ಸಣ್ಣಕ್ಷರದಲ್ಲಾದ್ರೂ ಇರುತ್ತೆ."

ದೊಮಿತಿಲಾ ಜನವರಿಯಿಂದ ಡಿಸೆಂಬರಿನವರೆಗೆ ಬೆರಳಾಡಿಸಿದಳು. ಆಗ ಅವಳಿಗೆ ಎಪ್ಪತ್ತು ಹತ್ತಿರವಾಗಿತ್ತು, ಬೆರಳು ಅದುರುತ್ತಿತ್ತು.

"ಇಲ್ಲ ಕಣೆ. ಈ ಹೆಸರಿನೋರು ಯಾರೂ ಸಂತರಾಗಿಲ್ಲ."

"ಇಲ್ದೇ ಇದ್ರೆ ಇವಳೇ ಆಗ್ಲಿ ಬಿಡು ಮೊದಲ್ನೇಯವ್ಳು" ಎಂದು ಸಿಂಫೊರೋಸಾ ಮಗುವನ್ನು ಅವಳ ಮಡಿಲಿಗೆ ಹಾಕಿದಳು. ಮಗು ಎರಡೂ ಮುಷ್ಟಿಯಲ್ಲಿ ಅವಳ ಕನ್ನಡಕ ಹಿಡಿದು ಎಳೆಯಿತು.

"ಆಗ್ಲಿ ತಾಯಿ, ಆದ್ರೆ ಸ್ವಲ್ಪ ಬೇಗ ಶುರುಮಾಡು," ಎಂದಳು ದೊಮಿತಿಲಾ ಕನ್ನಡಕ ಬಿಡಿಸಿಕೊಳ್ಳುತ್ತ. "ಬರೆಯೋಳಿಗೆ ಕೈ ನಡುಗ್ತಿದೆ."